ಕಡಲಹಕ್ಕಿಯ ಮುಂದೆ ಎರಡು ಹೊಟ್ಟೆ: ತನ್ನದು ಮೊದಲೋ, ಮರಿಯದು ಮೊದಲೋ?

ಕೋಡಿಬಾಗ ದಂಡೆ
ಕಾರವಾರದಲ್ಲಿ ‘ಸೀಬರ್ಡ್’ ಎಂದರೆ ಯಾರಿಗೂ ಹಕ್ಕಿ ನೆನಪಾಗುವುದಿಲ್ಲ. ನೌಕಾನೆಲೆ, ಅರಗಾ ಗೇಟು, ನಿರಾಶ್ರಿತರ ಪರಿಹಾರದ ಕಡತ, ಇವೇ ಕಣ್ಣ ಮುಂದೆ ಬರುತ್ತವೆ. ನಾನು ಕೇಳಲು ಹೊರಟಿರುವುದು ಮಾತ್ರ ರೆಕ್ಕೆಯಿರುವ ಸೀಬರ್ಡಿನ ಬಗ್ಗೆ.

ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಕಾಳಿ ನದಿ ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಮರಳುದಿಣ್ಣೆಯ ಮೇಲೆ ಜುಟ್ಟಿನ ರೀವಗಳ ದೊಡ್ಡ ಹಿಂಡೊಂದು ಗಾಳಿಗೆ ಎದುರಾಗಿ ಕುಳಿತಿತ್ತು. ಲೆಸ್ಸರ್ ಕ್ರೆಸ್ಟೆಡ್ ಟರ್ನ್ ಎಂದು ಪುಸ್ತಕಗಳು ಕರೆಯುವ, ಕಿತ್ತಳೆ ಕೊಕ್ಕಿನ ಹಕ್ಕಿಗಳು ಇವು. ಅವುಗಳ ನಡುವೆ ಒಂದು ಮಾತ್ರ ಕತ್ತನ್ನು ಭುಜದೊಳಗೆ ಹುದುಗಿಸಿಕೊಂಡು, ಬೆನ್ನು ಬಗ್ಗಿಸಿ, ಎಡೆಬಿಡದೆ ಕೀರಲು ದನಿಯಲ್ಲಿ ಕೂಗುತ್ತಿತ್ತು. ಗಾತ್ರದಲ್ಲಿ ಅದು ಉಳಿದವುಗಳಷ್ಟೇ ಇದ್ದರೂ ರೆಕ್ಕೆಯ ಮೇಲಿನ ಮಾಸಲು ಗೆರೆಗಳಿಂದ ಆ ವರ್ಷದ ಮರಿ ಎಂದು ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕಡಲ ಕಡೆಯಿಂದ ದೊಡ್ಡ ಹಕ್ಕಿಯೊಂದು ಕೊಕ್ಕಿನಲ್ಲಿ ಒಂದೇ ಒಂದು ಬೆಳ್ಳಿ ಮೀನನ್ನು ಅಡ್ಡಲಾಗಿ ಹಿಡಿದು ಬಂತು. ಹಿಂದೆಯೇ ಕಂದುತಲೆಯ ಕಡಲಕಾಗೆಯೊಂದು ಬೆನ್ನಟ್ಟಿತ್ತು. ರೀವ ಎರಡು ಸುತ್ತು ಹೊಡೆದು, ಕಾಗೆಯನ್ನು ತಪ್ಪಿಸಿ, ಮರಿಯ ಮುಂದೆ ಇಳಿದು ಮೀನನ್ನು ದಾಟಿಸಿ, ಕಾಲೂರಿ ನಿಲ್ಲದೆ ಮತ್ತೆ ಹಾರಿಹೋಯಿತು. ಒಂದು ಗಂಟೆಯಲ್ಲಿ ಅದು ಹಾಗೆ ಬಂದುಹೋದದ್ದು ಮೂರೇ ಸಲ.

ನನ್ನ ಪ್ರಶ್ನೆ ಇದು. ಈ ಹಕ್ಕಿಗಳು ಮರಿ ಮಾಡುವುದು ನಮ್ಮ ಕರಾವಳಿಯಲ್ಲಲ್ಲ. ಪರ್ಷಿಯನ್ ಕೊಲ್ಲಿಯಲ್ಲಿ, ಕೆಂಪು ಸಮುದ್ರದ ದ್ವೀಪಗಳಲ್ಲಿ. ಅಷ್ಟು ದೂರದಿಂದ ಬಂದು, ಹಾರಲು ಕಲಿತ ಎಷ್ಟೋ ತಿಂಗಳ ಮೇಲೂ ಮರಿಗೆ ಗುಟುಕು ಕೊಡುತ್ತಿದೆ ಎಂದರೆ, ತನ್ನ ಹೊಟ್ಟೆಗೆ ಅದು ಯಾವಾಗ ಹಿಡಿದುಕೊಳ್ಳುತ್ತದೆ? ಗಂಟೆಗೆ ಮೂರು ಮೀನು ಮರಿಗೆ ಹೋದರೆ ತನಗೆಷ್ಟು ಉಳಿಯಿತು? ಈ ಪಾಲನ್ನು ಹಕ್ಕಿ ನಿರ್ಧರಿಸುವುದಾದರೂ ಹೇಗೆ?

ಬೈತಖೋಲ ತಾಂಡೇಲ
ನಾನು ಬೋಟು ನಡೆಸುವ ತಾಂಡೇಲ, ಹಕ್ಕಿಯ ವಿದ್ಯೆ ನನಗೆ ತಿಳಿಯದು. ಆದರೆ ನೀವು ಕೇಳಿದ ಲೆಕ್ಕವನ್ನು ನಾವು ಬಂದರಿನಲ್ಲಿ ದಿನವೂ ಹಾಕುತ್ತೇವೆ, ಆದ್ದರಿಂದ ಎರಡು ಮಾತು. ಬೆಳಿಗ್ಗೆ ಹೊರಟು ಸಂಜೆ ಮರಳುವ ಬೋಟಿಗೆ ಮೀನು ಹತ್ತಿರದಲ್ಲೇ ಇರಬೇಕು. ಡೀಸೆಲ್ ಕಡಿಮೆ, ಐಸ್ ಕಡಿಮೆ, ಸಿಕ್ಕಿದ್ದು ತಾಜಾ. ವಾರಗಟ್ಟಲೆ ಆಳಕ್ಕೆ ಹೋಗುವ ಬೋಟು ಡೀಸೆಲ್ ಸುಟ್ಟ ಮೇಲೆ ಬರಿಗೈಯಲ್ಲಿ ಬರುವಂತಿಲ್ಲ, ಮೀನಿಡುವ ಹಿಡುಪು ತುಂಬಲೇಬೇಕು. ನೀವು ಹೇಳುವ ರೀವ ಕೊಕ್ಕಿನಲ್ಲಿ ಒಂದು ಮೀನು ತರುತ್ತದೆ ಎಂದರೆ ಅದು ಹಿಡುಪೇ ಇಲ್ಲದ ಪಾತಿದೋಣಿ ಇದ್ದ ಹಾಗೆ. ಒಂದು ಮೀನಿಗೆ ಒಂದು ಟ್ರಿಪ್. ಅಂಥ ದೋಣಿ ಅಂಜುದೀವ್ ದ್ವೀಪ ದಾಟಿ ಎಷ್ಟು ದೂರ ಹೋಗಬಲ್ಲದು ಎಂದು ನೀವೇ ಯೋಚಿಸಿ. ಬೋಟಿನಲ್ಲಿ ಮೊದಲು ತೆಗೆದಿಡುವುದು ಡೀಸೆಲ್ ಬಾಬ್ತು, ಆಮೇಲೆ ಖಲಾಸಿಗಳ ಪಾಲು. ಹಕ್ಕಿಯಲ್ಲಿ ಡೀಸೆಲ್ ಎಂದರೆ ಅದರ ಮೈಯ ಕೊಬ್ಬು ಇರಬೇಕು ಎಂದು ನನ್ನ ಊಹೆ.

ಶಿರಸಿ ಮಾಸ್ತರ
ತಾಂಡೇಲರು ಊಹೆ ಎಂದು ಬರೆದದ್ದೇ ಈ ವಿಷಯದ ಬುಡ. ನಾನು ಘಟ್ಟದ ಮೇಲಿನವನು, ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನು. ಕಡಲಹಕ್ಕಿಗಳ ಬಗ್ಗೆ ಓದಿದ್ದೇ ಹೆಚ್ಚು, ಕಂಡದ್ದು ಕಡಿಮೆ. ಆದರೂ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದೀರ್ಘವಾದರೆ ಕ್ಷಮೆಯಿರಲಿ.

ಮರಿಯಿಲ್ಲದ ಹಕ್ಕಿ ಮೀನು ಇದ್ದಲ್ಲಿಗೆ ಹೋಗಿ ಅಲ್ಲೇ ಉಳಿಯಬಹುದು. ಮರಿಯಿರುವ ಹಕ್ಕಿಗೆ ಆ ಸ್ವಾತಂತ್ರ್ಯವಿಲ್ಲ. ಗೂಟಕ್ಕೆ ಕಟ್ಟಿದ ಹಸು ಹಗ್ಗದಳತೆಯಲ್ಲಿ ಮೇಯುವಂತೆ ಅದು ಗೂಡನ್ನು ನಡುವಿಟ್ಟುಕೊಂಡು ಸುತ್ತಬೇಕು. ಕಡಲಹಕ್ಕಿಗೆ ಈ ಕಷ್ಟ ಎರಡು ಪಟ್ಟು, ಏಕೆಂದರೆ ಗೂಡು ಕಟ್ಟಲು ಸುರಕ್ಷಿತವಾದ ಬಂಡೆಗಳು, ದ್ವೀಪಗಳು ಬೆರಳೆಣಿಕೆಯಷ್ಟು, ಮೀನು ಮಾತ್ರ ವಿಶಾಲವಾದ ಕಡಲಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಗುಂಪುಗುಂಪಾಗಿ. ಹೀಗಾಗಿ ಸಾವಿರಾರು ಜೋಡಿಗಳು ಒಂದೇ ಬಂಡೆಯ ಮೇಲೆ ಸೇರುತ್ತವೆ, ಎಲ್ಲವೂ ಅದೇ ನೀರಿಗೆ ಇಳಿಯುತ್ತವೆ, ಹತ್ತಿರದ ಮೀನು ಬೇಗ ತೆಳುವಾಗುತ್ತದೆ. ಅಟ್ಲಾಂಟಿಕ್ ನಡುವಿನ ಅಸೆನ್ಶನ್ ದ್ವೀಪದಲ್ಲಿ ಹಕ್ಕಿಗಳನ್ನು ಅಧ್ಯಯನ ಮಾಡಿದ ಫಿಲಿಪ್ ಆಶ್‌ಮೋಲ್ ಎಂಬ ವಿಜ್ಞಾನಿ 1963ರಲ್ಲಿ ಇದನ್ನು ಮಂಡಿಸಿದ: ಹಕ್ಕಿಗಳ ನೆಲೆಯ ಸುತ್ತ ಮೀನು ಬರಿದಾದ ಒಂದು ವರ್ತುಲ ಉಂಟಾಗುತ್ತದೆ, ಹಕ್ಕಿಗಳು ಹೆಚ್ಚಿದಷ್ಟೂ ಅದು ಹಿಗ್ಗುತ್ತದೆ, ಕೊನೆಗೆ ಆ ದೂರವೇ ಹಕ್ಕಿಗಳ ಸಂಖ್ಯೆಯನ್ನು ತಡೆಯುತ್ತದೆ. ಅದು ಬಹುಕಾಲ ಊಹೆಯಾಗಿಯೇ ಇತ್ತು. 2021ರಲ್ಲಿ ಅದೇ ದ್ವೀಪದ ಸುತ್ತ ಹಾರುಮೀನುಗಳನ್ನು ಎಣಿಸಿದವರು, ನೆಲೆಯಿಂದ ನೂರು ಕಿಲೋಮೀಟರಿಗೂ ಆಚೆಯವರೆಗೆ ಆ ಬರಿದಾದ ವರ್ತುಲ ಚಾಚಿರುವುದನ್ನು ಕಂಡರು.

ಇನ್ನು ತಾಂಡೇಲರು ಹೇಳಿದ ಹಿಡುಪಿನ ವಿಚಾರ. ನಮ್ಮ ಕಾಡಿನ ಮಂಗಟ್ಟೆ ಆಲದ ಹಣ್ಣುಗಳನ್ನು ಗಂಟಲಿನಲ್ಲಿ ತುಂಬಿಕೊಂಡು ಬಂದು, ಪೊಟರೆಯೊಳಗೆ ಕುಳಿತ ಹೆಣ್ಣಿಗೆ ಒಂದೊಂದಾಗಿ ಕಕ್ಕಿ ಕೊಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಜುಟ್ಟಿನ ರೀವ ಸಾಮಾನ್ಯವಾಗಿ ಒಂದು ಮೀನನ್ನು ಕೊಕ್ಕಿನಲ್ಲಿ ತರುತ್ತದೆ. ಪಫಿನ್ ಒಂದೇ ಸಲ ಹತ್ತಾರು ಸಣ್ಣ ಮೀನುಗಳನ್ನು ಕೊಕ್ಕಿನಲ್ಲಿ ಸಾಲಾಗಿ ಕಚ್ಚಿ ತರುತ್ತದೆ. ಬೂಬಿ, ನಾಡ್ಡಿ ಎಂಬ ಕಡಲಹಕ್ಕಿಗಳು, ಕಪ್ಪುಬೆನ್ನಿನ ಸೂಟಿ ರೀವ ಮುಂತಾದವು ನುಂಗಿ ತಂದು ಗೂಡಿನಲ್ಲಿ ಕಕ್ಕುತ್ತವೆ. ಲಕ್ಷದ್ವೀಪದ ಕವರತ್ತಿಯ ವಾಯವ್ಯಕ್ಕೆ ಪಿಟ್ಟಿ ಎಂಬ, ಒಂದು ಮರವೂ ಇಲ್ಲದ, ಸುಮಾರು ಮೂರು ಎಕರೆಯ ಮರಳುದಿಬ್ಬವಿದೆ. ಅಲ್ಲಿ ಮರಿ ಮಾಡುವ ಸೂಟಿ ರೀವಗಳು ಟ್ಯೂನಾ ಮೀನುಗಳು ಕೆಳಗಿನಿಂದ ಅಟ್ಟಿ ಮೇಲಕ್ಕೆ ಚಿಮ್ಮಿಸಿದ ಸಣ್ಣ ಮೀನುಗಳನ್ನು ನೀರಿಗಿಳಿಯದೆ ಎತ್ತಿಕೊಳ್ಳುತ್ತವೆ. ಆ ಟ್ಯೂನಾ ಎಲ್ಲಿ ಏಳುತ್ತದೋ ಅಲ್ಲಿಯವರೆಗೆ ಹೋಗಬೇಕಾದ್ದರಿಂದ ಕೊಕ್ಕಿನಲ್ಲಿ ಒಂದು ಮೀನು ಹಿಡಿದು ಬರುವುದು ಅವಕ್ಕೆ ಕಟ್ಟುವುದಿಲ್ಲ, ನುಂಗಿಯೇ ತರಬೇಕು. ಹಾಗೆ ದೂರ ಹೋಗುವ ಹಕ್ಕಿ ಒಂದೇ ಮೊಟ್ಟೆ ಇಡುತ್ತದೆ, ದಂಡೆಯ ಬಳಿ ಮೀನು ಹಿಡಿಯುವ ಸಣ್ಣ ರೀವ ಎರಡೋ ಮೂರೋ ಇಡುತ್ತದೆ.

ಎಲ್ಲಕ್ಕಿಂತ ನನಗೆ ಅಚ್ಚರಿಯೆನಿಸಿದ್ದು ಪೆಟ್ರೆಲ್, ಶಿಯರ್‌ವಾಟರ್, ಆಲ್ಬಟ್ರಾಸ್ ವಂಶದ ವ್ಯವಸ್ಥೆ. ಇವು ದಿನಗಟ್ಟಲೆ ಹೊರಗಿರುವಾಗ ತಿಂದದ್ದರಲ್ಲಿ ನೀರಿನಂಶವನ್ನು ಸಾಗಹಾಕಿ, ಕೊಬ್ಬಿನಂಶವನ್ನು ಮಾತ್ರ ಜಠರದ ಮೇಲ್ಭಾಗದಲ್ಲಿ ಎಣ್ಣೆಯಾಗಿ ಉಳಿಸಿಕೊಳ್ಳುತ್ತವೆ. ಹತ್ತು ಲೀಟರ್ ಹಾಲು ಹೊರುವ ಬದಲು ತುಪ್ಪ ಕಾಯಿಸಿ ಒಂದು ಗಿಂಡಿಯಲ್ಲಿ ತಂದಂತೆ. ಅಷ್ಟೇ ತೂಕದ ಹಸಿ ಮೀನಿಗಿಂತ ಹಲವು ಪಟ್ಟು ಶಕ್ತಿ ಅದರಲ್ಲಿರುತ್ತದೆ. ಬಿಲದೊಳಗಿನ ಮರಿ ಆ ಎಣ್ಣೆ ಕುಡಿದು ದಿನಗಟ್ಟಲೆ ತಂದೆತಾಯಿಗಾಗಿ ಕಾಯಬಲ್ಲದು.

ಈಗ ಕೋಡಿಬಾಗದವರ ಮೂಲ ಪ್ರಶ್ನೆ, ತನಗೆಷ್ಟು ಮರಿಗೆಷ್ಟು ಎಂಬುದು. 1994ರಲ್ಲಿ ಶೋರಾಂ ಮತ್ತು ವೈಮರ್‌ಸ್ಕಿರ್ಶ್ ಎಂಬ ಫ್ರೆಂಚ್ ಸಂಶೋಧಕರು ದಕ್ಷಿಣ ಹಿಂದೂ ಮಹಾಸಾಗರದ ಕೆರ್ಗೆಲನ್ ದ್ವೀಪದಲ್ಲಿ ನೀಲಿ ಪೆಟ್ರೆಲ್‌ಗಳನ್ನು ತೂಗಿ ತೂಗಿ ಕಂಡುಕೊಂಡದ್ದು ಹೀಗಿದೆ: ಈ ಹಕ್ಕಿ ಎರಡು ಬಗೆಯ ಪ್ರಯಾಣ ಮಾಡುತ್ತದೆ, ಒಂದು ಒಂದೆರಡು ದಿನದ್ದು, ಇನ್ನೊಂದು ವಾರದಷ್ಟು ಉದ್ದದ್ದು. ಹತ್ತಿರದ ಪ್ರಯಾಣದಲ್ಲಿ ತಂದದ್ದೆಲ್ಲ ಬಹುಪಾಲು ಮರಿಗೆ, ತಾನು ಮಾತ್ರ ಸೊರಗುತ್ತದೆ. ತೂಕ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ದೂರದ ಸಮೃದ್ಧ ನೀರಿಗೆ ಹೊರಟು, ಅಲ್ಲಿ ತಾನು ತಿಂದು, ಮೈ ತುಂಬಿಕೊಂಡು, ಮರಿಗೂ ಒಂದು ಗುಟುಕು ಹೊತ್ತು ಮರಳುತ್ತದೆ. ಪ್ರಯಾಣ ಯಾವುದೆಂದು ನಿರ್ಧರಿಸುವುದು ಹೆಚ್ಚಾಗಿ ತನ್ನ ಮೈಯ ತೂಕ, ಮರಿಯ ಹಸಿವು ಅಷ್ಟಾಗಿ ಅಲ್ಲ. ತಾಂಡೇಲರ ‘ಡೀಸೆಲ್ ಬಾಬ್ತು’ ಇದೇ.

ಅಂಕೋಲೆಯ ಓದುಗಿ
ಮಾಸ್ತರರ ಬರಹ ಚೆನ್ನಾಗಿದೆ, ಆದರೆ ‘ಲೆಕ್ಕ’, ‘ಬಾಬ್ತು’ ಎಂಬ ಮಾತುಗಳಲ್ಲಿ ತಾಯಿ ಎಂಬುದು ಕಾಣೆಯಾಗಿಬಿಟ್ಟಿದೆ ಎಂದು ನನಗೆ ಅನಿಸಿತು. ಕೋಡಿಬಾಗದವರು ಕಂಡ ಹಕ್ಕಿ ಕಾಗೆಯ ಕೈಯಿಂದ ತಪ್ಪಿಸಿಕೊಂಡು ಬಂದು ಮರಿಯ ಬಾಯಿಗೆ ಇಟ್ಟಿತಲ್ಲ, ಅದನ್ನು ತ್ಯಾಗ ಎನ್ನದೆ ಮತ್ತೇನೆನ್ನುವುದು? ಎಂಪರರ್ ಪೆಂಗ್ವಿನ್ ಗಂಡು ತಿಂಗಳುಗಟ್ಟಲೆ ಉಪವಾಸವಿದ್ದು ಹಿಮದ ಮೇಲೆ ಮೊಟ್ಟೆ ಕಾಯುವುದನ್ನು ಟಿವಿಯಲ್ಲಿ ನೋಡಿ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಒದ್ದೆಯಾಗಿತ್ತು.

ಶಿರಸಿ ಮಾಸ್ತರ
ಪೆಂಗ್ವಿನ್ ಉದಾಹರಣೆ ಒಳ್ಳೆಯದೇ. ಗಂಡು ಸುಮಾರು 65 ದಿನ ಕಾವು ಕೊಡುತ್ತದೆ, ಅದಕ್ಕೂ ಮುಂಚಿನ ದಿನಗಳು ಸೇರಿ ನಾಲ್ಕು ತಿಂಗಳ ಹತ್ತಿರ ಏನೂ ತಿನ್ನುವುದಿಲ್ಲ, ತೂಕದ ಐದರಲ್ಲಿ ಎರಡು ಪಾಲನ್ನು ಕಳೆದುಕೊಳ್ಳುತ್ತದೆ. ಮರಿ ಒಡೆಯುವ ಹೊತ್ತಿಗೆ ಹೆಣ್ಣು ಬರದಿದ್ದರೆ ಅನ್ನನಾಳದಿಂದ ಮೊಸರಿನಂಥ ದ್ರವವನ್ನು ಒಸರಿಸಿ ಮರಿಗೆ ಕೊಡುತ್ತದೆ. ಆದರೆ ಕಥೆಯ ಇನ್ನೊಂದು ತುದಿಯನ್ನು ಟಿವಿಯವರು ಸಾಮಾನ್ಯವಾಗಿ ತೋರಿಸುವುದಿಲ್ಲ: ಹೆಣ್ಣು ಮತ್ತೂ ತಡಮಾಡಿ, ಗಂಡಿನ ಕೊಬ್ಬು ಅಪಾಯದ ಮಟ್ಟಕ್ಕೆ ಇಳಿದರೆ, ಅದು ಮರಿಯನ್ನು ಬಿಟ್ಟು ಕಡಲಿಗೆ ಹೊರಡುತ್ತದೆ.

ಇದನ್ನು ಇನ್ನೂ ನೇರವಾಗಿ ಪರೀಕ್ಷಿಸಿದವರಿದ್ದಾರೆ. ಲೀಚ್ ಸ್ಟಾರ್ಮ್ ಪೆಟ್ರೆಲ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಹಕ್ಕಿಯ ರೆಕ್ಕೆಯ ತುದಿಗರಿಗಳನ್ನು ಸ್ವಲ್ಪ ಕತ್ತರಿಸಿ, ಹಾರಾಟದ ಶ್ರಮ ಹೆಚ್ಚುವಂತೆ ಮಾಡಿದರು. ಜೊತೆಗೆ ಬಾಲದ ಒಂದು ಗರಿ ಕಿತ್ತು, ಅದು ಎಷ್ಟು ವೇಗವಾಗಿ ಮರಳಿ ಬೆಳೆಯುತ್ತದೆ ಎಂದು ಅಳೆದರು. ಪೋಷಣೆ ಕಡಿಮೆಯಾದರೆ ಗರಿ ನಿಧಾನವಾಗಿ ಬೆಳೆಯುತ್ತದೆ ಎಂಬುದು ಇದರ ತರ್ಕ. ಮಾಕ್ ಮತ್ತು ಗ್ರಬ್ 1995ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ದೊಡ್ಡ ಹಕ್ಕಿಯ ಗರಿ ಮಾಮೂಲಿನಂತೆಯೇ ಬೆಳೆದಿತ್ತು, ಮರಿಯ ಗರಿಯ ಬೆಳವಣಿಗೆ ಕುಂಠಿತವಾಗಿತ್ತು. ಹೆಚ್ಚಿದ ಖರ್ಚು ಪೂರ್ತಿ ಮರಿಯ ತಲೆಗೇ ಬಂದಿತ್ತು.

ಇದರಲ್ಲಿ ಕಟುಕತನವೇನೂ ಇಲ್ಲ. ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಕಾಲಿಗೆ ಉಂಗುರ ತೊಡಿಸಿದ ‘ವಿಸ್ಡಮ್’ ಎಂಬ ಲೇಸನ್ ಆಲ್ಬಟ್ರಾಸ್ 2024ರ ಕೊನೆಯಲ್ಲಿಯೂ ಮೊಟ್ಟೆಯಿಟ್ಟಿತು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ. ವರ್ಷಕ್ಕೊಂದೇ ಮೊಟ್ಟೆ, ಕೆಲವು ವರ್ಷ ಅದೂ ಇಲ್ಲ, ಆದರೆ ದಶಕಗಟ್ಟಲೆ. ಅಂಥ ಹಕ್ಕಿ ಒಂದು ಮರಿಗಾಗಿ ತಾನು ಸತ್ತರೆ ಮುಂದಿನ ಇಪ್ಪತ್ತು ಮರಿಗಳೂ ಅದರೊಡನೆ ಹೋದಂತೆ.

ಅಂಕೋಲೆಯ ಓದುಗಿ
ಒಪ್ಪಿದೆ. ಆದರೂ ‘ಪೂರ್ತಿ ಮರಿಯ ತಲೆಗೆ’ ಎಂಬ ವಾಕ್ಯವನ್ನು ಓದಿದ ಮೇಲೆ ಗುಬ್ಬಿಗೆ ಅಕ್ಕಿ ಹಾಕುವಾಗಲೂ ಅದೇ ನೆನಪಾಗುತ್ತದೆ ಎಂದು ಹೇಳಲೇಬೇಕು.

ಕುಮಟಾ ಎಂಎಸ್ಸಿ
ನನ್ನದೊಂದು ತಕರಾರು. ದೂರ ಹೋಗುವ ಹಕ್ಕಿಗೆ ಒಂದಕ್ಕಿಂತ ಹೆಚ್ಚು ಮರಿ ಸಾಕಲು ಶಕ್ತಿಯಿಲ್ಲ ಎಂಬ ಅರ್ಥ ಮಾಸ್ತರರ ಬರಹದಿಂದ ಬರುತ್ತದೆ. ಸ್ಕಾಟ್ಲೆಂಡಿನ ಬಾಸ್ ರಾಕ್‌ನಲ್ಲಿ ಬ್ರಯಾನ್ ನೆಲ್ಸನ್ ಎಂಬ ಪಕ್ಷಿತಜ್ಞ 1960ರ ದಶಕದಲ್ಲಿ ಗ್ಯಾನೆಟ್‌ಗಳ ಗೂಡಿಗೆ ಎರಡನೆಯ ಮರಿಯನ್ನು ಸೇರಿಸಿದಾಗ, ಸ್ವಭಾವತಃ ಒಂದೇ ಮೊಟ್ಟೆಯಿಡುವ ಆ ಹಕ್ಕಿಗಳು ಎರಡನ್ನೂ ಸಾಕಿ ಹಾರಿಸಿದವು. ಅದೇ ಪ್ರಯೋಗವನ್ನು ಲೇಸನ್ ಆಲ್ಬಟ್ರಾಸ್‌ಗಳಲ್ಲಿ ಮಾಡಿದಾಗ ಜೋಡಿ ಮರಿಗಳು ಬದುಕಲಿಲ್ಲ. ಅಂದರೆ ಶಕ್ತಿಯ ಮಿತಿ ಎಂಬುದು ಹಕ್ಕಿಯೊಳಗೆ ಮಾತ್ರವಲ್ಲ, ಆ ವರ್ಷದ ನೀರಿನಲ್ಲಿಯೂ ಇದೆ.

ಇನ್ನೊಂದು ಉದಾಹರಣೆ ನಮ್ಮ ಕಡಲಿಗೇ ಸಂಬಂಧಿಸಿದ್ದು. ಮಳೆಗಾಲದ ಬಿರುಗಾಳಿಗೆ ಸಿಕ್ಕಿ ನಮ್ಮ ದಂಡೆಗೆ ಆಗೊಮ್ಮೆ ಈಗೊಮ್ಮೆ ಬಂದು ಬೀಳುವ ಮಾಸ್ಕ್‌ಡ್ ಬೂಬಿ, ಬಿಳಿ ಮೈ, ಕಪ್ಪು ಮುಖದ ದೊಡ್ಡ ಹಕ್ಕಿ, ತನ್ನ ನೆಲೆಯಲ್ಲಿ ಕೆಲವು ದಿನಗಳ ಅಂತರದಲ್ಲಿ ಎರಡು ಮೊಟ್ಟೆ ಇಡುತ್ತದೆ. ಎರಡೂ ಒಡೆದರೆ ಮೊದಲ ಮರಿ ಎರಡನೆಯದನ್ನು ಗೂಡಿನಿಂದ ತಳ್ಳಿಬಿಡುತ್ತದೆ. ತಂದೆತಾಯಿ ಪಕ್ಕದಲ್ಲೇ ಕುಳಿತು ನೋಡುತ್ತಿದ್ದರೂ ಎತ್ತಿ ಒಳಗಿಡುವುದಿಲ್ಲ. ಎರಡನೆಯದು ಮೊದಲಿನದು ಒಡೆಯದೆ ಹೋದರೆ ಇರಲಿ ಎಂಬ ವಿಮೆ ಮಾತ್ರ. ಓದುಗಿಯವರು ಕ್ಷಮಿಸಬೇಕು.

ಶಿರಸಿ ಮಾಸ್ತರ
ತಿದ್ದುಪಡಿಯನ್ನು ಸ್ವೀಕರಿಸಿದ್ದೇನೆ. ಗ್ಯಾನೆಟ್ ವಿಷಯ ನನಗೆ ಗೊತ್ತಿದ್ದೂ ಬಿಟ್ಟುಹೋಯಿತು. ಅಂದು ಆ ನೀರಿನಲ್ಲಿ ಬಂಗಡೆ ಜಾತಿಯ ಮೀನು ಹೇರಳವಾಗಿತ್ತು ಎಂಬುದನ್ನೂ ನೆನಪಿಡಬೇಕು.

ಮುರ್ಡೇಶ್ವರ ಮುಳುಗುಗಾರ
ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗಳನ್ನು ಕರೆದೊಯ್ಯುವ ದೋಣಿಯಲ್ಲಿ ಆರು ವರ್ಷ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಮುರ್ಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲು ದೂರದ ಆ ಗುಡ್ಡದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ಹತ್ತೊಂಬತ್ತನೆಯ ಶತಮಾನದ ಪಕ್ಷಿತಜ್ಞರ ಬರಹಗಳಲ್ಲಿ ಪಿಜನ್ ಐಲ್ಯಾಂಡ್ ಎಂಬ ಹೆಸರಿನಲ್ಲಿ ಬರುವುದು ಈ ದ್ವೀಪವೇ. ನಾವು ಬಂಡೆಯ ನೆರಳಿನಲ್ಲಿ ಲಂಗರು ಹಾಕಿ, ಮುಳುಗಿದವರು ಮೇಲೆ ಬರುವವರೆಗೆ ಕಾಯುವಾಗ ನನಗೆ ಮೇಲೆ ನೋಡುವುದನ್ನು ಬಿಟ್ಟು ಬೇರೆ ಕೆಲಸವಿರುತ್ತಿರಲಿಲ್ಲ.

ಒಂದು ಫೆಬ್ರುವರಿಯಲ್ಲಿ ಕಂಡದ್ದು: ಹದ್ದು ನೀರಿನ ಮೇಲ್ಮೈಗೆ ಕಾಲು ತಾಗಿಸಿ ಮೇಲೆದ್ದಾಗ ಉಗುರುಗಳ ನಡುವೆ ಕಡಲಹಾವೊಂದು ಹಗ್ಗದಂತೆ ತೂಗಾಡುತ್ತಿತ್ತು. ಗೂಡಿಗೆ ನೇರವಾಗಿ ಹೋಗಲಿಲ್ಲ. ಮೊದಲು ಬಂಡೆಯ ಮೇಲೆ ಇಳಿದು, ತಲೆಯ ಕಡೆಯಿಂದ ಹರಿದು ಸುಮಾರು ಅರ್ಧದಷ್ಟನ್ನು ತಾನೇ ತಿಂದಿತು. ಬಳಿಕ ಉಳಿದ ತುಂಡನ್ನು ಹೊತ್ತು ಗೂಡಿಗೆ ಹೋಯಿತು. ಗೂಡಿನಲ್ಲಿದ್ದ ಇನ್ನೊಂದು ದೊಡ್ಡ ಹಕ್ಕಿ ಅದನ್ನು ತೆಗೆದುಕೊಂಡು ಸಣ್ಣ ಸಣ್ಣ ಎಳೆಗಳಾಗಿ ಹರಿದು ಕೆಳಗೆ ಬಾಗುತ್ತಿತ್ತು, ಮರಿ ಮಾತ್ರ ನಮಗೆ ಕಾಣುತ್ತಿರಲಿಲ್ಲ. ಹದ್ದನ್ನು ಕಡಲಹಕ್ಕಿಗಳ ಪಟ್ಟಿಗೆ ಸೇರಿಸಬಹುದೋ ಇಲ್ಲವೋ ತಿಳಿಯದು. ಆದರೆ ಮೊದಲು ಡೀಸೆಲ್ ಎಂಬುದನ್ನು ಅಂದು ನಾನು ಕಣ್ಣಾರೆ ಕಂಡಂತಾಯಿತು.

ಶಿರಸಿ ಮಾಸ್ತರ
ಶಾಸ್ತ್ರೀಯವಾಗಿ ಅದು ಹದ್ದಿನ ಕುಲವೇ. ಆದರೆ ಬೇಟೆ ಗೂಡಿನ ಬುಡದಲ್ಲೇ ಸಿಗುವುದರಿಂದ ಅದರ ಸಂಸಾರದ ಪದ್ಧತಿ ಬೇರೆ: ಮರಿ ಚಿಕ್ಕದಿರುವಾಗ ಹೆಣ್ಣು ಹೆಚ್ಚಾಗಿ ಗೂಡಿನಲ್ಲಿ, ಗಂಡು ಬೇಟೆಯಲ್ಲಿ. ಆಲ್ಬಟ್ರಾಸ್‌ಗೆ ಹೀಗೆ ಒಬ್ಬರ ದುಡಿಮೆಯಲ್ಲಿ ಸಂಸಾರ ನಡೆಯದು. 1989ರಲ್ಲಿ ಕ್ರೋಜೆ ದ್ವೀಪದ ವಾಂಡರಿಂಗ್ ಆಲ್ಬಟ್ರಾಸ್‌ಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ನೋಡಿದಾಗ, ಕಾವು ಕೊಡುವ ಕಾಲದಲ್ಲಿ ಅವು ಒಂದೊಂದು ಪ್ರಯಾಣದಲ್ಲಿ 3,600ರಿಂದ 15,000 ಕಿಲೋಮೀಟರ್ ಸುತ್ತಿ ಬಂದಿದ್ದವು. ಅಷ್ಟು ಕಾಲ ಜೊತೆಗಾರ ಉಪವಾಸವಿದ್ದು ಮೊಟ್ಟೆಯ ಮೇಲೆ ಕುಳಿತಿರಬೇಕು. ಒಂದು ಮರಿ ಹಾರುವ ಹೊತ್ತಿಗೆ ವರ್ಷವೇ ಕಳೆಯುವುದರಿಂದ ಅವು ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ ಮಾತ್ರ ಮರಿ ಮಾಡುತ್ತವೆ.

ಮಾಜಾಳಿ ಮಳೆಗಾಲ
ಬೂಬಿಯ ಮಾತು ಬಂದದ್ದರಿಂದ ಕೇಳುತ್ತೇನೆ. ಜೂನ್, ಜುಲೈ ತಿಂಗಳಲ್ಲಿ ಗಾಳಿಮಳೆ ಜೋರಾದ ಮರುದಿನ ನಮ್ಮ ದಂಡೆಯಲ್ಲಿ ಬಳಲಿದ, ಸತ್ತ ಹಕ್ಕಿಗಳು ಸಿಗುತ್ತವೆ. ಕಳೆದ ವರ್ಷ ಒಂದು ಬ್ರೈಡಲ್ಡ್ ಟರ್ನ್ ಸಿಕ್ಕಿತು. ಬೆನ್ನು ಬೂದುಗಪ್ಪು, ಹಣೆಯಿಂದ ಕಣ್ಣಿನ ಹಿಂದಿನವರೆಗೆ ಬಿಳಿ ಗೆರೆ. ಕೈಗೆತ್ತಿಕೊಂಡಾಗ ಎದೆಯ ಮೂಳೆ ಚೂರಿಯ ಅಲಗಿನಂತೆ ಬೆರಳಿಗೆ ತಾಗುತ್ತಿತ್ತು, ಮಾಂಸವೇ ಇರಲಿಲ್ಲ. ಇವೆಲ್ಲ ಮರಿಗಳನ್ನು ಬಿಟ್ಟುಬಂದ ತಾಯ್ತಂದೆಗಳೇ? ಹಾಗಿದ್ದರೆ ಅಲ್ಲಿ ಗೂಡಿನಲ್ಲಿ ಕಾಯುತ್ತಿರುವುದರ ಗತಿಯೇನು?

ಕುಮಟಾ ಎಂಎಸ್ಸಿ
ಎಲ್ಲವನ್ನೂ ಹಾಗೆ ಹೇಳಲಾಗದು. ಮಳೆಗಾಲದಲ್ಲಿ ಅರಬ್ಬಿ ಸಮುದ್ರದಲ್ಲಿ ಕಾಣುವ ಫ್ಲೆಶ್-ಫುಟೆಡ್ ಶಿಯರ್‌ವಾಟರ್ ಭೂಮಧ್ಯರೇಖೆಯ ದಕ್ಷಿಣಕ್ಕೆ ಮರಿ ಮಾಡುವ ಹಕ್ಕಿ. ಅಲ್ಲಿ ಚಳಿಗಾಲ ಬಂದಾಗ ಸಂಸಾರ ಮುಗಿಸಿ ನಮ್ಮ ಕಡೆಗೆ ಬಂದಿರುತ್ತದೆ. ಅದು ಸತ್ತರೆ ಯಾವ ಮರಿಯೂ ಅದಕ್ಕಾಗಿ ಕಾಯುತ್ತಿರುವುದಿಲ್ಲ. ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಕೂಡ ಹಾಗೆಯೇ, ಅದರ ಮನೆ ಅಂಟಾರ್ಕ್ಟಿಕದ ಕಡೆ.

ಬ್ರೈಡಲ್ಡ್ ಟರ್ನ್ ಮಾತು ಬೇರೆ. ಗೋವಾದ ಉತ್ತರಕ್ಕೆ ವೆಂಗುರ್ಲಾ ಬಂಡೆಗಳಲ್ಲಿ ಇವು ಮರಿ ಮಾಡುತ್ತವೆ, ಕಾರವಾರದಿಂದ ಹಕ್ಕಿಯ ದಾರಿಯಲ್ಲಿ ದೂರವೇನಲ್ಲ. ಮುಂದೆ ಸತ್ತ ಹಕ್ಕಿ ಸಿಕ್ಕಿದರೆ ಹೊಟ್ಟೆಯ ಗರಿಗಳನ್ನು ಮೆಲ್ಲನೆ ಬೇರ್ಪಡಿಸಿ ನೋಡಿ: ಕಾವು ಕೊಡುತ್ತಿದ್ದ ಹಕ್ಕಿಯಾದರೆ ಅಲ್ಲಿ ಗರಿ ಉದುರಿದ, ಬರಿ ಚರ್ಮದ ಮಚ್ಚೆ ಇರುತ್ತದೆ. ಜೀವವಿರುವ ಹಕ್ಕಿಯನ್ನು ಮಾತ್ರ ದಯವಿಟ್ಟು ಮತ್ತೆ ಅಲೆಗೆ ಎಸೆಯಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಇನ್ನು ನಿಮ್ಮ ಕೊನೆಯ ಪ್ರಶ್ನೆ: ಇಬ್ಬರಲ್ಲಿ ಒಬ್ಬರು ಮರಳದಿದ್ದರೆ, ಮರಿ ತೀರ ಚಿಕ್ಕದಾಗಿದ್ದರೆ, ಉಳಿದವರು ಮೀನಿಗೆ ಹೋದೊಡನೆ ಅದು ಬಿಸಿಲಿಗೋ ಏಡಿಗೋ ಸಿಕ್ಕಿಬಿಡುತ್ತದೆ. ದೊಡ್ಡದಾಗಿದ್ದರೆ ಕೆಲವೊಮ್ಮೆ ನಿಧಾನವಾಗಿ ಬೆಳೆದು ಉಳಿಯುತ್ತದೆ.

ಬೈತಖೋಲ ತಾಂಡೇಲ
ಒಂದು ವಿಷಯವನ್ನು ಎಲ್ಲರೂ ಸುತ್ತಿ ಬಳಸಿ ಬಿಡುತ್ತಿದ್ದೀರಿ, ನಾನೇ ಹೇಳುತ್ತೇನೆ. ಹಕ್ಕಿ ಹತ್ತಿರದ ಮೀನನ್ನು ಖಾಲಿ ಮಾಡುತ್ತದೆ ಎಂದಿರಿ, ನಾವೂ ಮಾಡುತ್ತೇವೆ. ದಂಡೆಯಿಂದ ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಮೀನು ದಂಡೆಗೆ ತಾನಾಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೋಟಿನಿಂದ ಮೀನಿನ ಮಂದೆಯನ್ನೇ ಸುತ್ತುವ ಪರ್ಸೀನ್ ಬಲೆ ಬಂದ ಮೇಲೆ ಮೀನು ಇದ್ದಲ್ಲಿಗೆ ನಾವೇ ಹೋಗುತ್ತೇವೆ, ಫಿಶ್‌ಫೈಂಡರ್ ಇಲ್ಲದ ಕಾಲದಲ್ಲಿ ಮೀನಿನ ಮಂದೆ ತೋರಿಸುತ್ತಿದ್ದದ್ದೂ ಇವೇ ಹಕ್ಕಿಗಳು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮೀನಿನ ಸಂತತಿಗೆ ಎಂದು ಹೇಳುತ್ತಾರೆ. ಅದರಿಂದ ಹಕ್ಕಿಗೆ ಉಪಯೋಗವಿದೆಯೇ?

ಕುಮಟಾ ಎಂಎಸ್ಸಿ
ಹಕ್ಕಿಗೆ ಎಷ್ಟು ಮೀನು ಬೇಕು ಎಂಬುದಕ್ಕೆ ಜಗತ್ತಿನ ಮಟ್ಟದಲ್ಲಿ ಒಂದು ಅಂದಾಜಿದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಏಳು ಸಮುದ್ರ ವ್ಯವಸ್ಥೆಗಳ 14 ಜಾತಿಯ ಕಡಲಹಕ್ಕಿಗಳ ದಶಕಗಳ ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿತು. ಅಲ್ಲಿನ ಸಣ್ಣ ಮೀನಿನ ಪ್ರಮಾಣ ದೀರ್ಘಕಾಲದಲ್ಲಿ ಕಂಡ ಗರಿಷ್ಠದ ಮೂರನೆಯ ಒಂದು ಪಾಲಿಗಿಂತ ಕೆಳಗಿಳಿದಾಗ ಮರಿಗಳು ಉಳಿಯುವ ಪ್ರಮಾಣ ತಟ್ಟನೆ ಕುಸಿಯುತ್ತಿತ್ತು. ಅದಕ್ಕಿಂತ ಮೇಲಿದ್ದಾಗ ಮೀನು ಹೆಚ್ಚಿದರೂ ಮರಿಗಳೇನೂ ಅಷ್ಟಾಗಿ ಹೆಚ್ಚುತ್ತಿರಲಿಲ್ಲ. ಮೇಲೆ ಚರ್ಚಿಸಿದ ಲೆಕ್ಕವೇ ಇದರಲ್ಲಿದೆ. ಮೀನು ಸ್ವಲ್ಪ ಕಡಿಮೆಯಾದರೆ ದೊಡ್ಡ ಹಕ್ಕಿ ಹೆಚ್ಚು ದುಡಿದು ಸರಿದೂಗಿಸುತ್ತದೆ, ಬಿಡುವಿನ ವೇಳೆಯನ್ನು ಹಾರಾಟಕ್ಕೆ ಹಾಕುತ್ತದೆ. ಬಿಡುವು ಮುಗಿದ ಮೇಲೆ ಕಡಿತ ಬೀಳುವುದು ಮರಿಯ ಪಾಲಿಗೆ.

ನಮ್ಮ ತಾರ್ಲೆಯ, ಅಂದರೆ ಬೂತಾಯಿ ಮೀನಿನ, ಏರಿಳಿತ ಎಷ್ಟು ವಿಪರೀತ ಎಂಬುದಕ್ಕೆ ನೆರೆಯ ಕೇರಳದ ಅಂಕಿಯನ್ನೇ ನೋಡಿ: 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರವಿದ್ದ ಹಿಡುವಳಿ 2021ರಲ್ಲಿ 3,297 ಟನ್ನಿಗೆ ಇಳಿದಿತ್ತು. ಅದಕ್ಕೆ ಬೋಟು ಮಾತ್ರ ಕಾರಣವಲ್ಲ, ಕಡಲಿನ ಉಷ್ಣತೆ, ಮಳೆಗಾಲದಲ್ಲಿ ಆಳದ ತಣ್ಣೀರು ಮೇಲೇಳುವ ರೀತಿ, ಎಲ್ಲವೂ ಸೇರಿವೆ. ನಿಷೇಧದ ಬಗ್ಗೆ: ಆ 61 ದಿನ ಯಾವ ಹಕ್ಕಿ ಹತ್ತಿರದ ಬಂಡೆಯಲ್ಲಿ ಮರಿ ಸಾಕುತ್ತಿದೆಯೋ ಅದಕ್ಕೆ ನೇರ ಉಪಯೋಗ. ಕೋಡಿಬಾಗದವರ ಜುಟ್ಟಿನ ರೀವಕ್ಕೆ ಅಲ್ಲ, ಅದು ಆ ಹೊತ್ತಿಗೆ ಕೊಲ್ಲಿಯಲ್ಲಿರುತ್ತದೆ.

ಶಿರಸಿ ಮಾಸ್ತರ
ಕೋಡಿಬಾಗದವರಿಗೆ ಒಂದು ಸಲಹೆ. ಒಂದು ಮೀನನ್ನೇ ಹೊರುವ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಸಣ್ಣ ಮೀನು ಸಿಕ್ಕರೆ ಹಿಡಿದಲ್ಲೇ ತಾನು ನುಂಗುತ್ತದೆ, ಹೊತ್ತು ತರುವ ಶ್ರಮಕ್ಕೆ ತಕ್ಕಷ್ಟು ದೊಡ್ಡದು ಸಿಕ್ಕರೆ ಮಾತ್ರ ಮರಿಗೆ ತರುತ್ತದೆ. ದೂರ ಹೆಚ್ಚಿದಷ್ಟೂ ತರುವ ಮೀನು ದೊಡ್ಡದು. ಹೀಗಾಗಿ ದಿಣ್ಣೆಯ ಮೇಲೆ ಕುಳಿತು ಮೂರು ಮೀನು ಎಣಿಸಿದರೆ ಲೆಕ್ಕದ ಅರ್ಧ ಪುಟ ಮಾತ್ರ ಓದಿದಂತೆ. ಉಳಿದರ್ಧ ನೀರಿನ ಮೇಲಿದೆ. ದುರ್ಬೀನನ್ನು ಮರಿಯ ಮೇಲಿಡದೆ ದೊಡ್ಡದರ ಹಿಂದೆ ತಿರುಗಿಸಿ, ಎಷ್ಟು ಸಲ ಮುಳುಗಿತು, ಎಷ್ಟು ಸಲ ಗಾಳಿಯಲ್ಲೇ ತಲೆ ಎತ್ತಿ ನುಂಗಿತು ಎಂದು ಬರೆದುಕೊಳ್ಳಿ.

ಕೋಡಿಬಾಗ ದಂಡೆ
ಮಾಸ್ತರರು ಹೇಳಿದಂತೆ ಈ ಭಾನುವಾರ ಮಾಡಿದೆ. ಅದೇ ಹಕ್ಕಿ ಎಂದು ಹೇಳಲಾರೆ, ಆದರೆ ದಿಣ್ಣೆಯ ಮೇಲೆ ಈಗಲೂ ಒಂದು ಮರಿ ಬೇಡುತ್ತಿದೆ. ಬೆಳಿಗ್ಗೆ ಏಳರಿಂದ ಎಂಟೂಕಾಲಿನವರೆಗೆ ದೊಡ್ಡದು ಸದಾಶಿವಗಡದ ಕಡೆಯ ನೀರಿನಲ್ಲಿ ಕಣ್ಣಿಗೆ ಕಾಣುವಷ್ಟರಲ್ಲಿ 23 ಸಲ ಧುಮುಕಿತು. ಒಂಬತ್ತು ಸಲ ಏನೋ ಸಿಕ್ಕಿತು. ಏಳನ್ನು ಅಲ್ಲೇ ನುಂಗಿತು, ಅವು ನನ್ನ ದುರ್ಬೀನಿಗೆ ಬೆಳ್ಳಿಯ ಎಳೆಯಷ್ಟು ಮಾತ್ರ ಕಂಡವು. ಎಂಟನೆಯದು ಕೊಕ್ಕಿನ ಎರಡೂ ಬದಿಗೆ ಚಾಚಿಕೊಂಡಿತ್ತು, ಅದನ್ನು ಮರಿಗೆ ತಂದಿತು. ಒಂಬತ್ತನೆಯದನ್ನು ತಂದು, ಮರಿಯಿಂದ ನಾಲ್ಕು ಮಾರು ದೂರದಲ್ಲಿ ಇಳಿದು, ಅದು ಬಗ್ಗಿ ಕೂಗುತ್ತಾ ಓಡಿಬರುವುದನ್ನು ನೋಡುತ್ತಾ ನಿಂತು, ತಲೆ ಎತ್ತಿ ತಾನೇ ನುಂಗಿಬಿಟ್ಟಿತು. ಮರಿ ಇನ್ನೂ ಸ್ವಲ್ಪ ಹೊತ್ತು ಕೂಗಿತು. ಆಮೇಲೆ ಎದ್ದು ನೀರಿನ ಮೇಲೆ ಹೋಗಿ ಎರಡು ಸಲ ಧುಮುಕಿತು. ಮೊದಲ ಸಲ ಏನೂ ಇಲ್ಲ, ಎರಡನೆಯ ಸಲ ಕೊಕ್ಕಿನಲ್ಲಿ ಬಂದದ್ದು ಒಂದು ಪ್ಲಾಸ್ಟಿಕ್ ಚೂರು, ಹಿಡಿದು ನೋಡಿ ಬಿಟ್ಟಿತು. ಅಷ್ಟರಲ್ಲಿ ಉಬ್ಬರ ಏರಿ ದಿಣ್ಣೆ ಮುಚ್ಚತೊಡಗಿತು, ಹಿಂಡು ದೇವಬಾಗದ ಕಡೆಗೆ ಎದ್ದುಹೋಯಿತು.

ಬೈತಖೋಲ ತಾಂಡೇಲ
23 ಸಲ ಬಲೆ ಹಾಕಿ ಒಂಬತ್ತು ಸಲ ಮೀನು ಎಂದರೆ ಒಳ್ಳೆಯ ತಾಂಡೇಲನೇ. ಮುಂದಿನ ಭಾನುವಾರ ಇಳಿತ ಬೇಗ ಇದೆ, ಆರೂವರೆಗೇ ಬನ್ನಿ. ನನ್ನ ಪಾತಿಯಲ್ಲಿ ಹೋಗಿ ನೀರಿನ ಕಡೆಯಿಂದಲೇ ಎಣಿಸೋಣ.